ಕ್ಯಾಸಲ್‌ರಾಕ್‌ನ ಕಾಡಿನ ದನಿಗೂ ಒಂದು ಕಾದಂಬರಿ ಬೇಕು

ಮಾನ್ಯ ಸಂಪಾದಕರೆ,

ಯುದ್ಧಕಾಲದ ಹೆಣ್ಣುಮಕ್ಕಳನ್ನು ಕುರಿತ ಐತಿಹಾಸಿಕ ಕಾದಂಬರಿಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಲಂಡನ್, ಪ್ಯಾರಿಸ್, ಬರ್ಲಿನ್ ಎಲ್ಲ ಸುತ್ತಾಡಿ ಬಂದ ಲೇಖಕರು ಕೊನೆಗೆ ‘ನಮ್ಮ ಕಡೆ ಇಂಥ ವಸ್ತು ಕಡಿಮೆ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ಆ ಸಾಲಿಗಾಗಿ ಈ ಪತ್ರ.

ನಾನು ತಂತಿ ಕಚೇರಿಯಲ್ಲಿ ದುಡಿದವಳು. ಮದುವೆಯಾಗಿ ಧಾರವಾಡದಿಂದ ವಾಸ್ಕೋಗೆ ಬಂದ ಮೇಲೂ ಹೊಟ್ಟೆಗೆ ಹಾಕಿದ್ದು ಮೋರ್ಸ್‌ನ, ಅಂದರೆ ಚುಕ್ಕೆ-ಗೆರೆಗಳ ತಂತಿ ಸಂಕೇತದ, ಕಟ್ಟ-ಕಡ ಸದ್ದೇ. 2013ರ ಜುಲೈನಲ್ಲಿ ದೇಶದ ತಂತಿ ಸೇವೆಯೇ ನಿಂತುಹೋಯಿತು, ನನ್ನ ಕಿವಿ ಮಾತ್ರ ಬದಲಾಗಿಲ್ಲ. ಬಡಗಿ ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಚೌಕಟ್ಟು ನೋಡುತ್ತಾನಲ್ಲ, ಇಂಥ ಕಾದಂಬರಿಗಳನ್ನು ನಾನು ಓದುವುದೂ ಹಾಗೆಯೇ.

ಈಚೆಗೆ ಓದಿದ ಒಂದು ಕಾದಂಬರಿಯಲ್ಲಿ (ಹೆಸರು ಬೇಡ ಬಿಡಿ) ನಾಯಕಿ ಪ್ಯಾರಿಸ್ಸಿನ ಅಟ್ಟದ ಮೇಲೆ ಕೂತಿದ್ದಾಳೆ. ಮೆಟ್ಟಿಲ ಮೇಲೆ ಜರ್ಮನ್ನರ ಬೂಟಿನ ಸದ್ದು. ಅವಳು ಅಳುತ್ತಲೇ ವೈರ್‌ಲೆಸ್ ಸೆಟ್‌ನಲ್ಲಿ ಎರಡು ಪುಟದ ಮೋರ್ಸ್ ಸಂದೇಶವನ್ನು ಲಂಡನ್ನಿಗೆ ಕಳಿಸಿ, ಸೆಟ್ ಮಡಿಚಿ, ಕಿಟಕಿಯಿಂದ ಹಾರಿಬಿಡುತ್ತಾಳೆ! ಪಳಗಿದ ಕೈಯಾದರೂ ನಿಮಿಷಕ್ಕೆ 20–25 ಪದ ಕಳಿಸೀತು. ಸಂಕೇತಕ್ಕೆ ಇಳಿಸಿದ ಸಂದೇಶವೆಂದರೆ ಅರ್ಥವೇ ಇಲ್ಲದ ಅಕ್ಷರಗಳ ಗುಂಪು. ಊಹಿಸಿ ತಿದ್ದಿಕೊಳ್ಳಲೂ ಬರುವುದಿಲ್ಲ. ಅಳುವವಳ ಕೈಯಿಂದ ಅದು ಸಾಗುವ ಮಾತಲ್ಲ. ಲೇಖಕರು ಕೆಲಸಕ್ಕೆ ಅರ್ಧ ಪುಟ, ಅಧಿಕಾರಿಯೊಬ್ಬನ ಜೊತೆಗಿನ ಪ್ರೇಮಕ್ಕೆ ಮೂರು ಅಧ್ಯಾಯ ಕೊಟ್ಟಿದ್ದಾರೆ. ನನ್ನ ತಕರಾರು ಇಲ್ಲೇ ಇರುವುದು. ಆ ಹೆಣ್ಣುಮಕ್ಕಳ ವಿಷಯದಲ್ಲಿ ಚರಿತ್ರೆ ಮರೆತದ್ದು ಅವರು ಮಾಡಿದ ಕೆಲಸವನ್ನೇ. ಕಾದಂಬರಿಕಾರರೂ ಅದನ್ನೇ ಬಿಟ್ಟರೆ ಉಳಿಯುವುದೇನು?

ನಿಜವಾಗಿ ನಡೆದದ್ದು ಇದಕ್ಕಿಂತ ರೋಚಕವಾಗಿದೆ. ನೂರ್ ಇನಾಯತ್ ಖಾನ್ ನಮ್ಮ ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು. 1943ರ ಜೂನ್‌ನಲ್ಲಿ ಬ್ರಿಟಿಷರ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ ಫ್ರಾನ್ಸಿಗೆ ಹೋದಳು. ಆ ಕೆಲಸಕ್ಕೆ ಅಲ್ಲಿಗೆ ಕಾಲಿಟ್ಟ ಮೊದಲ ಹೆಣ್ಣು ಅವಳೇ. ಸೂಟ್‌ಕೇಸಿನೊಳಗಿನ ಸೆಟ್‌ನ ತೂಕ ಸುಮಾರು 15 ಕಿಲೊ. ಏರಿಯಲ್ ತಂತಿಯನ್ನು ಎಲ್ಲಾದರೂ ಉದ್ದಕ್ಕೆ ಎಳೆದು ಕಟ್ಟಬೇಕು. ಹೆಚ್ಚು ಹೊತ್ತು ಒಂದೇ ಕಡೆ ಕೂತರೆ ತರಂಗದ ಜಾಡು ಹಿಡಿಯುವ ಜರ್ಮನ್ ವ್ಯಾನು ಬೀದಿಗೆ ಬಂದೇಬಿಟ್ಟಿತು. ಚಳಿಗೆ ಬೆರಳು ಊದಿಕೊಳ್ಳುತ್ತಿದ್ದವಾದ್ದರಿಂದ ಸಂದೇಶ ಒತ್ತುವ ಕೀಯನ್ನು ಜೋರಾಗಿ ಬಡಿಯುತ್ತಿದ್ದಳಂತೆ. ತರಬೇತಿಯಲ್ಲಿ ಅದಕ್ಕೇ ಒಂದು ಅಡ್ಡಹೆಸರು ಬಿದ್ದಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಪ್ರತಿಯೊಬ್ಬ ಆಪರೇಟರಿನ ‘ಕೈ’ ಬೇರೆ. ಆ ತುದಿಯಲ್ಲಿ ಯಾರು ಕೂತಿದ್ದಾರೆಂದು ನಾವು ಸದ್ದಿನಲ್ಲೇ ಹೇಳುತ್ತಿದ್ದೆವು. ನೂರ್ ತನ್ನ ಸಂಗಡಿಗರೆಲ್ಲ ಸಿಕ್ಕಿಬಿದ್ದ ಮೇಲೂ, ವಾಪಸು ಬಾ ಎಂದರೂ ಬಾರದೆ, ತಿಂಗಳುಗಟ್ಟಲೆ ಸಂದೇಶ ಕಳಿಸುತ್ತಲೇ ಇದ್ದಳು. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ಡಖಾವ್ ಸೆರೆಶಿಬಿರದಲ್ಲಿ ಅವಳನ್ನು ಕೊಂದರು.

ಅದು ದೂರದ ಮಾತಾಯಿತು. ಮುಂಬಯಿಯ ಉಷಾ ಮೆಹ್ತಾ 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಗುಪ್ತ ಬಾನುಲಿಯಾದ ಕಾಂಗ್ರೆಸ್ ರೇಡಿಯೊ ನಡೆಸಿದಾಗ ಅವರಿಗಿನ್ನೂ 22 ವರ್ಷ. ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಸಾಗಿಸುತ್ತ ಮೂರು ತಿಂಗಳ ಹತ್ತಿರ ಪೊಲೀಸರ ಕಣ್ಣು ತಪ್ಪಿಸಿ, ನವೆಂಬರ್ 12ರಂದು ಸಿಕ್ಕಿಬಿದ್ದರು.

ಇನ್ನು ನಮ್ಮ ಗೋವಾಕ್ಕೆ ಬನ್ನಿ. 1955ರ ನವೆಂಬರ್‌ನಿಂದ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ವಿರುದ್ಧ ಗುಪ್ತ ರೇಡಿಯೊ ಒಂದು ಪೋರ್ಚುಗೀಸ್ ಮತ್ತು ಕೊಂಕಣಿಯಲ್ಲಿ ಮಾತಾಡುತ್ತಿತ್ತು. ದಾದ್ರಾ ನಗರ ಹವೇಲಿಯಲ್ಲಿ ಪೋರ್ಚುಗೀಸರು ಬಿಟ್ಟು ಓಡಿದ ವೈರ್‌ಲೆಸ್ ಸೆಟ್‌ಗಳಿಂದಲೇ ಅದರ ಟ್ರಾನ್ಸ್‌ಮಿಟರ್ ಮಾಡಿಕೊಂಡಿದ್ದರು. ನಡೆಸಿದವರು ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ. ಮೊದಲು ಮಹಾರಾಷ್ಟ್ರದ ಅಂಬೋಲಿಯ ಕಾಡು, ಆಮೇಲೆ ಎಲ್ಲಿ ಗೊತ್ತೆ? ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್! ವಾಸ್ಕೋದಿಂದ ಹುಬ್ಬಳ್ಳಿಗೆ ಹೋಗುವ ರೈಲಿಗೆ ಕುಳೆಯಲ್ಲಿ ಹೆಚ್ಚಿನ ಎಂಜಿನ್ ಜೋಡಿಸಿ ಘಟ್ಟ ಹತ್ತಿಸುತ್ತಾರೆ. ಹತ್ತಿದ ಮೇಲೆ ಅದನ್ನು ಬಿಚ್ಚುವ ಸ್ಟೇಷನ್ನೇ ಕ್ಯಾಸಲ್‌ರಾಕ್. ನಾವು ಎಷ್ಟೋ ಮಂದಿ ಅಲ್ಲಿ ಚಹಾ ಕುಡಿಯಲು ಇಳಿದವರೇ, ಆದರೆ ಒಂದು ಅಕ್ಷರವೂ ಗೊತ್ತಿರಲಿಲ್ಲ. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದಾಗ ಲಿಬಿಯಾ ಅವರೇ ವಾಯುಪಡೆಯ ವಿಮಾನದಲ್ಲಿ ಕೂತು ಧ್ವನಿವರ್ಧಕದಲ್ಲಿ ಆ ಸುದ್ದಿಯನ್ನು ಊರೂರಿಗೆ ಕೇಳಿಸಿದರು. ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟದ್ದು 2025ರಲ್ಲಿ, ಅವರಿಗೆ ನೂರು ತುಂಬಿದ ಮೇಲೆ.

ಶನಿವಾರಕ್ಕೊಮ್ಮೆ ಪುಸ್ತಕ ಓದಲು ಸೇರುವ ನಮ್ಮ ಹೆಂಗಸರ ಗುಂಪಿನಲ್ಲಿ ಈ ಕಥೆ ಹೇಳಿದೆ. ಬಾಗಲಕೋಟೆ ಕಡೆಯ ಗೆಳತಿಯೊಬ್ಬಳು, “ಅಕ್ಕಾರ, ಆರು ವರ್ಸ ಕಾಡಾಗ ಇದ್ರು ಅಂತೀರಿ, ಆ ಮಳ್ಯಾಗ ಅರಿವಿ ಎಲ್ಲೆ ಒಣಗಸ್ತಿದ್ರು?” ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಕಾದಂಬರಿ ಶುರುವಾಗಬೇಕಾದದ್ದು ಅಲ್ಲಿಂದಲೇ ಅನ್ನಿಸಿತು. ಘಟ್ಟದ ಜಡಿಮಳೆಯಲ್ಲಿ ಸೆಟ್‌ಗೆ ನೀರು ತಾಗದಂತೆ ಹೇಗೆ ಕಾದರು? ಜ್ವರ ಬಂದು ಗಂಟಲು ಕಟ್ಟಿದ ದಿನ ಯಾರು ಓದಿದರು? ಇಂಥದನ್ನು ಯಾವ ಕಡತವೂ ಹೇಳುವುದಿಲ್ಲ.

ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಹೆಣ್ಣು ಯುದ್ಧಕ್ಕೆ ಬರಬೇಕಾದರೆ ಒಂದೋ ರಾಣಿಯಾಗಿರಬೇಕು, ಇಲ್ಲವೇ ಕೈಗೊಂದು ಒನಕೆ ಸಿಗಬೇಕು. ಚೆನ್ನಮ್ಮ, ಅಬ್ಬಕ್ಕ, ಓಬವ್ವ ಎಂದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ 1824ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ ದಿನ, ಕಿತ್ತೂರು ಕೋಟೆಯೊಳಗಿನ ಅಷ್ಟು ಜನಕ್ಕೆ ರೊಟ್ಟಿ ಬಡಿದವರು ಯಾರು? 1971ರ ಯುದ್ಧದಲ್ಲಿ ಬಾಂಬ್ ಬಿದ್ದು ಹಾಳಾದ ಗುಜರಾತಿನ ಭುಜ್‌ನ ರನ್‌ವೇಯನ್ನು ಪಕ್ಕದ ಮಾಧಾಪರ ಹಳ್ಳಿಯ ಸುಮಾರು 300 ಹೆಂಗಸರು ಮೂರು ದಿನದಲ್ಲಿ ರಿಪೇರಿ ಮಾಡಿಕೊಟ್ಟರು. ಇಲ್ಲಿ ದಾಬೋಲಿಯ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ವಿಜಯಪುರ, ಕೊಪ್ಪಳದ ಹೆಣ್ಣುಮಕ್ಕಳು ಸಿಂಬಿ ಇಟ್ಟು ಬುಟ್ಟಿ ಹೊರುವುದನ್ನು ದಿನಾ ನೋಡುವ ನನಗೆ ಆ ರನ್‌ವೇ ಕಣ್ಣಿಗೆ ಕಟ್ಟುತ್ತದೆ.

ಒಂದು ಷರತ್ತಿದೆ. ಬರೆಯುವವರು ಪುಸ್ತಕದ ಕೊನೆಗೆ ಎರಡು ಪುಟ ಮೀಸಲಿಟ್ಟು, ನಡೆದದ್ದು ಯಾವುದು, ತಾವು ಕಟ್ಟಿದ್ದು ಯಾವುದು ಎಂದು ಬಿಡಿಸಿ ಹೇಳಬೇಕು. ಆ ರೇಡಿಯೊವನ್ನು ಬಾಗಿಲು ಹಾಕಿಕೊಂಡು ಕೇಳಿದ ಮನೆಗಳು ಗೋವಾದಲ್ಲಿ ಇನ್ನೂ ಇವೆ. ಅವರ ಮುಂದೆ ಕಥೆ ಕಟ್ಟಿ ಇತಿಹಾಸ ಎಂದರೆ ನಡೆಯದು.

ತಮ್ಮ ಪತ್ರಿಕೆಯೇ ಒಬ್ಬ ವರದಿಗಾರರನ್ನು ಕ್ಯಾಸಲ್‌ರಾಕ್‌ಗೆ ಕಳಿಸಿ ಶುರು ಮಾಡಬಹುದು. ಕಾದಂಬರಿ ಬರೆಯುವವರು ಮುಂದೆ ಬಂದು, ಅದರಲ್ಲಿ ಮೋರ್ಸ್ ಬರುವ ಪುಟಗಳಿದ್ದರೆ ಅಚ್ಚಿಗೆ ಹೋಗುವ ಮೊದಲು ನನಗೆ ಕೊಡಿಸಿ. ನೋಡಿ, ತಿದ್ದಿ ಕಳಿಸುತ್ತೇನೆ, ಕಾಸು ಬೇಡ.

– ನಿವೃತ್ತ ಟೆಲಿಗ್ರಾಫಿಸ್ಟ್, ವಾಸ್ಕೋ, ಗೋವಾ