ದಿನಾ ಅದೇ ಡಬ್ಬ ಬೇಡ, ಅಳಿಯಾ

ಕುಂದಾಪುರ,
ಜುಲೈ ತಿಂಗಳು

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಬಿಡುವ ಹಾಗೆ ಕಾಣುವುದಿಲ್ಲ. ಗಂಗೊಳ್ಳಿಯಲ್ಲಿ ಬೋಟುಗಳೆಲ್ಲ ದಡ ಸೇರಿವೆ. ಮಳೆಗಾಲದ ನಿಷೇಧ, 31ರ ತನಕ ಕಡಲಿಗೆ ಇಳಿಯುವ ಹಾಗಿಲ್ಲ. ಮನೆಯಲ್ಲಿ ಈಗ ಒಣ ಮೀನಿನ ದಿನಗಳು. ನಿನ್ನೆ ನಿನ್ನತ್ತೆ ಒಣ ಸಿಗಡಿ ಚಟ್ನಿ ಅರೆಯುತ್ತಾ ನಿನ್ನನ್ನೇ ನೆನಪು ಮಾಡಿಕೊಂಡಳು.

ಕಳೆದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ತೋರಿಸಿದೆಯಲ್ಲ, ಕಪಾಟಿನಲ್ಲಿ ಟ್ಯೂನಾ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. "ಜಿಮ್ಮಿನಿಂದ ಬಂದ ಕೂಡಲೇ ದಿನಾ ಒಂದು ಡಬ್ಬ, ಅಮ್ಮಾ" ಅಂದೆ. ನಿನ್ನಮ್ಮನಿಗೆ ಖುಷಿಯೋ ಖುಷಿ. ನ್ಯೂಜೆರ್ಸಿಯಲ್ಲೂ ಮಗನಿಗೆ ಮೀನು ತಪ್ಪಲಿಲ್ಲ ಅಂತ. ಅವಳ ಎದುರು ನಾನು ಏನೂ ಹೇಳಲಿಲ್ಲ. ಆದರೆ ಆ ರಾತ್ರಿ ಸರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ "ಆಯ್ತು ಮಾವ" ಅಂತ ಬೇರೆ ಮಾತಿಗೆ ಹೋಗುತ್ತೀ. ಅದಕ್ಕೇ ಈ ಪತ್ರ, ಆ ಡಬ್ಬದ ಟ್ಯೂನಾದಲ್ಲಿರುವ ಪಾದರಸದ ಬಗ್ಗೆ.

ಡಬ್ಬದ ಮೀನು ಅಂದರೆ ನನಗೆ ತಾತ್ಸಾರ ಇಲ್ಲ. 28 ವರ್ಷ ಅದರ ಫ್ಯಾಕ್ಟರಿಯ ಲ್ಯಾಬಿನಲ್ಲೇ ಅನ್ನ ದುಡಿದವನು ನಾನು. ಬೂತಾಯಿ ಮೀನಿನ ತಲೆ ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ನೀರು ಬಸಿದು, ಬಿಸಿ ಎಣ್ಣೆಯೋ ಟೊಮೆಟೊ ಸಾಸೋ ಹಾಕಿ ಮುಚ್ಚಳ ಒತ್ತುತ್ತಿದ್ದರು. ಆಮೇಲೆ ರಿಟಾರ್ಟ್ ಅನ್ನುವ ದೊಡ್ಡ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಶಾಖ. ನನ್ನ ಕೆಲಸ ಶುರುವಾಗುತ್ತಿದ್ದದ್ದು ಅಲ್ಲಿಂದ. ಪ್ರತಿ ಬ್ಯಾಚಿನ ಕೆಲವು ಡಬ್ಬಗಳನ್ನು 37 ಡಿಗ್ರಿಯ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇಟ್ಟು, ಊದುತ್ತದೋ ಅಂತ ಕಾಯುವುದು. ಸಣ್ಣ ಕೋಲಿನಿಂದ ಮುಚ್ಚಳ ತಟ್ಟಿದರೆ ಒಳ್ಳೆಯ ಡಬ್ಬ ಟಣ್ ಅನ್ನುತ್ತದೆ. ಒಳಗೆ ಗಾಳಿ ಸೇರಿದ್ದು ಬೊದ್ ಅನ್ನುತ್ತದೆ. ಎಷ್ಟೋ ಸಾವಿರ ಡಬ್ಬ ತಟ್ಟಿದ ಕೈ ಇದು. ಈಗಲೂ ಅಂಗಡಿಯಲ್ಲಿ ಡಬ್ಬ ಕಂಡರೆ ಬೆರಳು ತಾನಾಗಿ ತಟ್ಟುತ್ತದೆ.

ಆದರೆ ಪಾದರಸ ಇರುವ ಡಬ್ಬ ಊದುವುದಿಲ್ಲ. ವಾಸನೆ ಬರುವುದಿಲ್ಲ. ರುಚಿ ಕೆಡುವುದಿಲ್ಲ. ಕೋಲಿನಿಂದ ತಟ್ಟಿದರೆ ಟಣ್ ಅಂತಲೇ ಅನ್ನುತ್ತದೆ.

ಅದು ಡಬ್ಬಕ್ಕೆ ತುಂಬುವಾಗ ಸೇರಿದ್ದಲ್ಲ, ಕಡಲಿನಲ್ಲೇ ಮೀನಿನ ಮೈಗೆ ಸೇರಿದ್ದು. ಕಲ್ಲಿದ್ದಲು ಉರಿಸಿದ ಹೊಗೆಯಿಂದ, ಚಿನ್ನದ ಗಣಿಗಳಿಂದ ಪಾದರಸ ಗಾಳಿ ಸೇರಿ ಕೊನೆಗೆ ನೀರಿಗೆ ಬೀಳುತ್ತದೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಅನ್ನುವ, ಮೈಗೆ ಸುಲಭವಾಗಿ ಸೇರುವ ವಿಷ ಮಾಡುತ್ತವೆ. ಸಣ್ಣ ಮೀನಿನ ಮೈಯಲ್ಲಿ ಇದು ಚೂರೇ ಚೂರು. ದೊಡ್ಡ ಮೀನು ಅಂಥ ಸಾವಿರಾರು ಸಣ್ಣ ಮೀನು ತಿಂದು ವರ್ಷಗಟ್ಟಲೆ ಬದುಕುತ್ತದೆ, ಅಷ್ಟೂ ಪಾದರಸ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ನಮ್ಮ ಕೇದರ್ ಅಂದರೆ ನಿನ್ನ ಟ್ಯೂನಾ ಅಂಥದ್ದು. ಎಣ್ಣೆ ಬಸಿದರೂ ಅದು ಹೋಗುವುದಿಲ್ಲ, ತೊಳೆದರೂ ಇಲ್ಲ, ಬೇಯಿಸಿದರೂ ಇಲ್ಲ.

ಸುಮ್ನೆ ಹೆದರಿಸುತ್ತೇನೆ ಅಂದುಕೊಳ್ಳಬೇಡ. ನೀನು ಲೆಕ್ಕದ ಮನುಷ್ಯ, ಲೆಕ್ಕವನ್ನೇ ಕೊಡುತ್ತೇನೆ. ನೀನಿರುವ ಅಮೆರಿಕದ ಪರಿಸರ ಇಲಾಖೆ ಹೇಳುವ ಮಿತಿ, ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 0.1 ಮೈಕ್ರೋಗ್ರಾಂ. ನೀನು 70 ಕಿಲೋ ಇದ್ದರೆ ದಿನಕ್ಕೆ 7. ಅಲ್ಲಿಯ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಅಳೆದ ಸರಾಸರಿಯಲ್ಲಿ, 'ವೈಟ್' ಅಂತ ಬರೆದ ಆಲ್ಬಕೋರ್ ಟ್ಯೂನಾದ ಒಂದು ಗ್ರಾಂ ಮಾಂಸದಲ್ಲಿ 0.35 ಮೈಕ್ರೋಗ್ರಾಂ. ನೀರು ಬಸಿದ ಒಂದು ಡಬ್ಬದಲ್ಲಿ ಸುಮಾರು 113 ಗ್ರಾಂ ಮೀನು. ಗುಣಿಸು, 40ರ ಹತ್ತಿರ ಬರುತ್ತದೆ. ಐದೂವರೆ ದಿನಕ್ಕೂ ಹೆಚ್ಚಿನ ಪಾಲು ಒಂದೇ ಊಟಕ್ಕೆ ಹೊಟ್ಟೆಗೆ ಹೋಯಿತು. 'ಲೈಟ್' ಅಂತ ಬರೆದದ್ದರಲ್ಲಿ 0.126, ಡಬ್ಬಕ್ಕೆ 14. ಅದೂ ದಿನಾ ತಿಂದರೆ ಮಿತಿಯ ಎರಡರಷ್ಟು.

ಇನ್ನೂ ಒಂದು ವಿಷಯ ಇದೆ. ಈ ಪಾದರಸ ಮೈಯಿಂದ ಅರ್ಧ ಇಳಿಯುವುದಕ್ಕೇ ಸುಮಾರು 50 ದಿನ ಬೇಕು. ಇವತ್ತಿನದ್ದು ಹೊರಗೆ ಹೋಗುವ ಮೊದಲೇ ನಾಳೆಯದ್ದು, ನಾಡಿದ್ದಿನದ್ದು ಬಂದು ಸೇರುತ್ತದೆ. ಯಾವತ್ತೋ ಒಂದು ದಿನ ತಿಂದವನಿಗೂ ದಿನಾ ತಿನ್ನುವವನಿಗೂ ಇರುವ ವ್ಯತ್ಯಾಸ ಇದೇ. ಜಾಸ್ತಿ ಸೇರಿದರೆ ಮೊದಲು ಕೈಬೆರಳು, ಬಾಯಿಯ ಸುತ್ತ ಜೋಮು ಹಿಡಿದ ಹಾಗೆ ಆಗುತ್ತದೆ. ಆಮೇಲೆ ಕೈ ನಡುಕ, ಮರೆವು. ನಿನಗೆ ಹಾಗೆ ಆಗಿದೆ ಅಂತ ನಾನು ಹೇಳುವುದಿಲ್ಲ. ಎಷ್ಟು ತಿಂಗಳಿಂದ ಹೀಗೆ ತಿನ್ನುತ್ತಿದ್ದೀ ಅಂತ ಡಾಕ್ಟರಿಗೆ ಹೇಳು. ರಕ್ತದಲ್ಲಿ ಪಾದರಸ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ.

ಈಗ ನನ್ನ ನಿದ್ದೆ ಕೆಡಿಸಿದ ಮಾತಿಗೆ ಬರುತ್ತೇನೆ. ಸಂಜೆ ನೀನೂ ನಿನ್ನ ಹೆಂಡತಿಯೂ ಅದೇ ಡಬ್ಬ ಹಂಚಿಕೊಂಡು ಸ್ಯಾಂಡ್‌ವಿಚ್ ಮಾಡಿಕೊಳ್ಳುವುದೂ ಉಂಟು ಅಂದೆ. ಮಗುವಿನ ಯೋಚನೆಯಲ್ಲಿದ್ದೀರಿ ಅಂತ ನಿನ್ನಮ್ಮ ನನಗೆ ಹೇಳಿದ್ದಾಳೆ, ಮುಜುಗರ ಪಡಬೇಡ. ಮೀಥೈಲ್ ಪಾದರಸ ತಾಯಿಯಿಂದ ಹೊಟ್ಟೆಯ ಕೂಸಿಗೆ ದಾಟುತ್ತದೆ. ಬೆಳೆಯುವ ಮಿದುಳಿಗೆ ಅದು ಆಗದು. ಜಪಾನಿನ ಮಿನಮಾಟಾ ನಮ್ಮ ಗಂಗೊಳ್ಳಿಯ ಹಾಗೆ ಮೀನನ್ನೇ ನಂಬಿದ ಊರು. ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆ ವರ್ಷಾನುಗಟ್ಟಲೆ ಕೊಲ್ಲಿಗೆ ಪಾದರಸ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಮೊದಲು ಹುಚ್ಚು ಹಿಡಿದ ಹಾಗೆ ಕುಣಿದು ಬಿದ್ದವು. 1956ರಲ್ಲಿ ಜನರ ಕಾಯಿಲೆ ಲೆಕ್ಕಕ್ಕೆ ಬಂತು. ಹೊರಗೆ ಆರೋಗ್ಯವಾಗಿ ಕಂಡ ತಾಯಂದಿರಿಗೂ ಕೈಕಾಲು ಸ್ವಾಧೀನ ಇಲ್ಲದ ಮಕ್ಕಳು ಹುಟ್ಟಿದವು. ಅಲ್ಲಿಯ ವಿಷದ ಪ್ರಮಾಣಕ್ಕೂ ನಿನ್ನ ಡಬ್ಬಕ್ಕೂ ಅಜಗಜಾಂತರ, ಅದು ನನಗೆ ಗೊತ್ತು. ಆದರೆ ತಾಯಿಯ ಮೈಯಲ್ಲಿ ಕಾಣದ್ದು ಮಗುವಿಗೆ ತಾಗುತ್ತದೆ ಅಂತ ಲೋಕಕ್ಕೆ ಗೊತ್ತಾದದ್ದು ಆ ತಾಯಂದಿರಿಂದ.

ಹಾಗಂತ ನಿನ್ನ ಹೆಂಡತಿ ಮೀನು ಬಿಡಬಾರದು. ಬಸುರಿಯರೂ ವಾರಕ್ಕೆ 8ರಿಂದ 12 ಔನ್ಸ್ (ಸುಮಾರು 225ರಿಂದ 340 ಗ್ರಾಂ) ಮೀನು ತಿನ್ನಿ ಅಂತ ಅದೇ ಎಫ್‌ಡಿಎ ಹೇಳುತ್ತದೆ, ಆದರೆ ಪಾದರಸ ಕಡಿಮೆ ಇರುವುದನ್ನು. ಲೈಟ್ ಟ್ಯೂನಾ ಆದರೆ ವಾರಕ್ಕೆ ಎರಡು ಮೂರು ಸಲ ಸಾಕು. ವೈಟ್ ಆದರೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ. ನನ್ನ ಮಾತು ಕೇಳಿದರೆ ವೈಟ್ ಅನ್ನುವುದನ್ನು ಮನೆಗೇ ತರಬೇಡ. ಅದೇ ಅಂಗಡಿಯಲ್ಲಿ ಸಾರ್ಡೀನ್ ಡಬ್ಬ ಇರುತ್ತದೆ. ಅದು ನಮ್ಮ ಬೂತಾಯಿಯ ಬಳಗ, ಕುಂದಾಪುರದವರ ಬೈಗೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿಂದು ಬೆಳೆಯುವ ಸಣ್ಣ ಮೀನು. ಪಾದರಸ ಗ್ರಾಂಗೆ 0.013 ಮೈಕ್ರೋಗ್ರಾಂ, ಅಂದರೆ ಲೈಟ್ ಟ್ಯೂನಾದ ಹತ್ತರಲ್ಲಿ ಒಂದು ಪಾಲು. ಮುಳ್ಳು ಮೆತ್ತಗಾಗಿರುತ್ತದೆ, ಅಗಿದು ನುಂಗು, ಸುಣ್ಣದ ಅಂಶ ಸಿಗುತ್ತದೆ. ಡಬ್ಬದ ಸಾಲ್ಮನ್ ಕೂಡ ಒಳ್ಳೆಯದೇ.

ಆದರೆ "ಹಾಗಾದರೆ ದಿನಾ ಸಾರ್ಡೀನ್" ಅಂತ ಶುರು ಮಾಡಬೇಡ, ಮಾರಾಯ. ನಿನ್ನಪ್ಪನ ಕಾಲಿನ ಹೆಬ್ಬೆರಳು ನೆನಪಿದೆಯಲ್ಲ? ಯೂರಿಕ್ ಆಸಿಡ್ ಏರಿದ ರಾತ್ರಿ ಹೊದಿಕೆಯ ಅಂಚು ತಾಗಿದರೂ ಕೂಗುತ್ತಿದ್ದರು. ಬೂತಾಯಿ, ಬಂಗುಡೆ, ಆಂಚೊವಿ ಅದನ್ನು ಏರಿಸುವ ಮೀನುಗಳು. ಆ ರಕ್ತವೇ ನಿನ್ನದೂ. ಉಪ್ಪಿನದ್ದೂ ಅದೇ ಕಥೆ. ಡಬ್ಬದ ಹಿಂದೆ ಸೋಡಿಯಂ ಎಷ್ಟು ಅಂತ ಬರೆದಿರುತ್ತದೆ, ಓದು. ದಿನಕ್ಕೆ ಎಲ್ಲಾ ಸೇರಿ 2000 ಮಿಲಿಗ್ರಾಂ ದಾಟಬಾರದು. ಬ್ರೆಡ್ಡು, ಸಾಸು, ಚೀಸು ಎಲ್ಲದರಲ್ಲೂ ಅದು ಇರುತ್ತದಲ್ವಾ?

ಡಬ್ಬ ತೆರೆದ ಮೇಲೆ ಮೇಜಿನ ಮೇಲೆ ಬಿಟ್ಟು ಜಿಮ್ಮಿಗೆ ಹೋಗಬೇಡ. ಈ ಜಾತಿಯ ಮೀನು ಬೆಚ್ಚಗೆ ಕೂತರೆ ಹಿಸ್ಟಮಿನ್ ಅನ್ನುವ ವಿಷ ಹುಟ್ಟುತ್ತದೆ. ಮುಖ ಕೆಂಪಾಗಿ ತಲೆ ಸಿಡಿಯುತ್ತದೆ, ಮತ್ತೆ ಕಾಯಿಸಿದರೂ ಅದು ಹೋಗದು. ಉಳಿದದ್ದನ್ನು ಗಾಜಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು, ಮೂರು ದಿನದೊಳಗೆ ಮುಗಿಸು. ಊದಿದ ಡಬ್ಬ ಸಿಕ್ಕರೆ ರುಚಿ ಕೂಡ ನೋಡಬೇಡ, ಎಸೆ.

ಇಲ್ಲಿ ನಾವು ಹುಟ್ಟಿದಾಗಿನಿಂದ ಮೀನು ತಿನ್ನುತ್ತೇವೆ, ನಮಗೇನಾಗಿದೆ ಅಂತ ಕೇಳುತ್ತೀಯೇನೋ. ನಮ್ಮ ಮನೆಯಲ್ಲಿ ಒಂದೇ ಮೀನು ವರ್ಷವಿಡೀ ಎಲ್ಲಿ ತಿಂದಿದ್ದೇವೆ ಹೇಳು. ಆಗಸ್ಟ್‌ನಲ್ಲಿ ಬೋಟು ಇಳಿದರೆ ಬಂಗುಡೆ, ಒಂದು ದಿನ ಕಾಣೆ ಮೀನು, ಒಂದು ದಿನ ಸಿಗಡಿ, ಮಳೆಗಾಲಕ್ಕೆ ಹೊಳೆಮೀನು, ಒಣ ಮೀನು. ಸೋಮವಾರ ಇಲ್ಲ, ಸಂಕ್ರಮಣಕ್ಕೆ ಇಲ್ಲ. ಅಜ್ಜಿ ಬುಟ್ಟಿಯ ಮೇಲಿನ ಸೊಪ್ಪು ಸರಿಸಿ ಇವತ್ತು ಏನು ಸಿಕ್ಕಿದೆ ಅಂತ ನೋಡಿದ ಮೇಲೆಯೇ ಮಸಾಲೆ ಅರೆಯುತ್ತಿದ್ದಳು. ನಿನ್ನ ಕಪಾಟಿಗೆ ಮಳೆಗಾಲವೂ ಇಲ್ಲ, ಸೋಮವಾರವೂ ಇಲ್ಲ. ಹಾಗಾಗಿ ಆ ಬದಲಾವಣೆಯನ್ನು ನೀನೇ ಮಾಡಿಕೊಳ್ಳಬೇಕು. ಎರಡು ದಿನ ಮೀನು, ಮತ್ತೆರಡು ದಿನ ಮೊಟ್ಟೆ, ಉಳಿದ ದಿನ ಹೆಸರುಕಾಳು, ಕಡಲೆ. ನಿನ್ನ ಜಿಮ್ಮಿನ ಪ್ರೋಟೀನಿಗೆ ಅಷ್ಟು ಸಾಲದೇ?

ಮುಂದಿನ ತಿಂಗಳು ಇಲ್ಲಿಂದ ಅಲ್ಲಿಗೆ ಬರುವವರೊಬ್ಬರ ಕೈಯಲ್ಲಿ ನಿನ್ನತ್ತೆ ಮೀನುಸಾರಿನ ಮಸಾಲೆ ಪುಡಿ ಕಳಿಸುತ್ತಾಳೆ. ಸಾರ್ಡೀನ್ ಡಬ್ಬದ ಎಣ್ಣೆ ಬಸಿದು, ತೆಂಗಿನಹಾಲು, ಹುಣಸೆಹುಳಿ ಹಾಕಿ ಎರಡು ಕುದಿ ಬರಿಸು, ಸಾಕು. ಅದಕ್ಕೆ ಮೊದಲು ಕಪಾಟಿನಲ್ಲಿರುವ ಡಬ್ಬಗಳ ಲೇಬಲ್ಲಿನ ಫೋಟೋ ತೆಗೆದು ನನಗೆ ಕಳಿಸು. ವೈಟೋ ಲೈಟೋ ನಾನೇ ಓದಿ ನೋಡುತ್ತೇನೆ.

ಇಂತಿ,
ನಿನ್ನ ಮಾವ