ಚಂಬಾದಿಂದ ನಗ್ಗರ್‌ವರೆಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹಿಮಾಚಲ ಪ್ರದೇಶದ ಪ್ರವಾಸದಲ್ಲಿ ಸಂಗ್ರಹಾಲಯಗಳನ್ನು ಮಳೆ ಸುರಿಯುವ ದಿನಕ್ಕೆಂದು ಮೀಸಲಿಟ್ಟಿರುವುದಾಗಿ ಬರೆದಿದ್ದೀಯೆ. ಆ ಯೋಜನೆಯನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಸಲಹೆ. ಅಲ್ಲಿಯ ಪುಟ್ಟ ಸಂಗ್ರಹಾಲಯಗಳ ಬಹುಪಾಲು ವಸ್ತುಗಳು ಅದೇ ಕಣಿವೆಯ ಗುಡಿ, ಅರಮನೆ, ನೀರಿನ ಚಿಲುಮೆಗಳಿಂದ ಬಂದವು. ಅವನ್ನು ಮೊದಲು ಕಂಡು, ಆಮೇಲೆ ಊರೂರು ತಿರುಗಿದರೆ, ಇಲ್ಲದಿದ್ದರೆ ಗಮನಿಸದೆ ದಾಟಿಹೋಗುತ್ತಿದ್ದ ಎಷ್ಟೋ ಕಲ್ಲುಗಳ ಎದುರು ನಿಲ್ಲಬೇಕೆನಿಸುತ್ತದೆ.

ಚಂಬಾದಿಂದ ಹೊರಡು. ರಾವಿ ನದಿಯ ಮೇಲಿನ ಈ ಊರಿನಲ್ಲಿರುವ ಭೂರಿ ಸಿಂಗ್ ಸಂಗ್ರಹಾಲಯ ಆರಂಭವಾದದ್ದು 1908ರಲ್ಲಿ. ಆ ಸೀಮೆಯ ಶಾಸನಗಳನ್ನು ಶೋಧಿಸಿದ ಡಚ್ ವಿದ್ವಾಂಸ ಫೋಗೆಲ್ ಅವರ ಪ್ರೇರಣೆಯಿಂದ ರಾಜಾ ಭೂರಿ ಸಿಂಗ್ ತಮ್ಮ ಮನೆತನದ ಚಿತ್ರಸಂಗ್ರಹವನ್ನೇ ಇದಕ್ಕೆ ಕೊಟ್ಟರು. ಬಂದವರೆಲ್ಲ ನೇರವಾಗಿ ಪಹಾಡಿ ಚಿತ್ರಗಳ, ಎಂದರೆ ಈ ಬೆಟ್ಟಸೀಮೆಯ ಆಸ್ಥಾನಗಳಲ್ಲಿ ಬೆಳೆದ ಕಿರುಚಿತ್ರಗಳ ಕಡೆಗೆ ನಡೆಯುತ್ತಾರೆ. ನೀನು ಮಾತ್ರ ಚಿಲುಮೆಗಳ ಬಳಿ ನಿಲ್ಲಿಸುತ್ತಿದ್ದ ಕೆತ್ತನೆಯ ಚಪ್ಪಡಿಗಳ ಮುಂದೆ ಹೆಚ್ಚು ಹೊತ್ತು ಕಳೆ. ತೀರಿಹೋದ ಬಂಧುವಿಗೆ ಪುಣ್ಯ ಸಲ್ಲಲೆಂದು ದಾರಿಹೋಕರಿಗೆ ನೀರು ದೊರೆಯುವಂತೆ ಮಾಡಿ, ವರುಣನನ್ನೂ ನದೀದೇವತೆಗಳನ್ನೂ ಕೆತ್ತಿಸಿ, ಕೆಲವೆಡೆ ಕಾಶ್ಮೀರದ ಸುತ್ತಮುತ್ತ ಬಳಕೆಯಲ್ಲಿದ್ದ ಶಾರದಾ ಲಿಪಿಯಲ್ಲಿ ಬರೆಯಿಸಿ ನಿಲ್ಲಿಸಿದ ಕಲ್ಲುಗಳವು. ನಮ್ಮ ವೀರಗಲ್ಲುಗಳಂತೆ ಇವೂ ಸತ್ತವರ ನೆನಪಿಗೆ ನಿಂತವು. ಆದರೆ ಇಲ್ಲಿ ಯುದ್ಧವಿಲ್ಲ, ನೀರಿದೆ. ಕಾಳಗದ ಕೆತ್ತನೆಗಳನ್ನೇ ನೋಡಿ ಬೆಳೆದ ನನಗೆ ಈ ವ್ಯತ್ಯಾಸ ಬಹಳ ಹಿಡಿಸಿತು.

ಚಂಬಾ ರುಮಾಲುಗಳೂ ಅಲ್ಲಿವೆ. ಎರಡೂ ಬದಿಯಲ್ಲಿ ಚಿತ್ರ ಒಂದೇ ತೆರನಾಗಿ ಕಾಣುವಂತೆ, ಹುರಿಮಾಡದ ರೇಷ್ಮೆ ಎಳೆಯಿಂದ ಹೆಂಗಸರು ಮಾಡುತ್ತಿದ್ದ ಕಸೂತಿ ಅದು. ಬಟ್ಟೆಯ ಮೇಲೆ ಇದ್ದಿಲಿನಿಂದ ರೇಖೆ ಎಳೆದುಕೊಡುತ್ತಿದ್ದವರು ಹಲವು ವೇಳೆ ಆಸ್ಥಾನದ ಚಿತ್ರಕಾರರೇ ಆಗಿದ್ದರಿಂದ, ಅದೇ ಕಟ್ಟಡದಲ್ಲಿರುವ ಚಿತ್ರಗಳನ್ನೂ ರುಮಾಲುಗಳನ್ನೂ ಹೋಲಿಸಿ ನೋಡುವ ಸುಖವೇ ಬೇರೆ. ಹೊರಬಂದು ಲಕ್ಷ್ಮೀನಾರಾಯಣ ದೇವಾಲಯಗಳ ಸಮೂಹಕ್ಕೆ ಹೋದಾಗ ತಲೆಯೆತ್ತಿ ಶಿಖರವನ್ನು ನೋಡು: ಕಲ್ಲಿನ ಶಿಖರದ ಮೇಲೆ ಹಿಮ ನಿಲ್ಲದೆ ಜಾರಿಹೋಗಲೆಂದು ಮರದ ಛತ್ರಿಯನ್ನು ಹೊದಿಸಿದ್ದಾರೆ.

ಚಂಬಾ ರಾಜ್ಯದ ಹಳೆಯ ರಾಜಧಾನಿಯಾದ ಭರ್ಮೌರ್‌ಗೆ ಹೋಗುವ ರಸ್ತೆ ದಣಿಸುತ್ತದೆ, ಆದರೂ ತಪ್ಪಿಸಬೇಡ. ಲಕ್ಷಣಾದೇವಿಯ ಗುಡಿಯ ಮರದ ಕೆತ್ತನೆ ಸಾವಿರ ವರ್ಷಕ್ಕೂ ಹಳೆಯದು. ಅಲ್ಲಿಯ ಲೋಹದ ವಿಗ್ರಹಗಳ ಮೇಲಿನ ಬರಹದಲ್ಲಿ ಮಾಡಿಸಿದ ರಾಜ ಮೇರುವರ್ಮನ ಹೆಸರಿನೊಡನೆ, ಮಾಡಿದ ಶಿಲ್ಪಿ ಗುಗ್ಗನ ಹೆಸರೂ ಇದೆ. ಅಷ್ಟು ಹಿಂದಿನ ಕೆಲಸಗಾರನೊಬ್ಬನ ಹೆಸರು ಉಳಿದಿರುವುದು ಅಪರೂಪ.

ಅಲ್ಲಿಂದ ಕಾಂಗಡಾಕ್ಕೆ ಇಳಿದಾಗ 1905ರ ಏಪ್ರಿಲ್ 4ರ ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೋ. ಅಂದು ಬೆಳಗ್ಗೆ ಸಂಭವಿಸಿದ ಭೂಕಂಪದಲ್ಲಿ ಸುಮಾರು 20,000 ಜನ ಸತ್ತರು. 1620ರಲ್ಲಿ ಜಹಾಂಗೀರನ ಸೇನೆಗೆ ದೀರ್ಘ ಮುತ್ತಿಗೆಯ ನಂತರವೇ ವಶವಾದ ಕಾಂಗಡಾ ಕೋಟೆಯ ಗುಡಿಗಳು ಈ ಭೂಕಂಪದಲ್ಲಿ ಉರುಳಿಬಿದ್ದವು. ಅವುಗಳ ಕೆತ್ತನೆಯ ತುಂಡುಗಳನ್ನು ಇಂದಿಗೂ ಕೋಟೆಯೊಳಗೆ ಕಾಣಬಹುದು. ಎಂಟನೆಯ ಶತಮಾನದವೆಂದು ವಿದ್ವಾಂಸರು ಎಣಿಸುವ, ಮರಳುಗಲ್ಲಿನ ಬಂಡೆಯನ್ನೇ ಕಡಿದು ಮಾಡಿದ ಮಸ್ರೂರಿನ ದೇವಾಲಯಗಳೂ ಅಂದು ಬಿರಿದವು. ಇವನ್ನು ನೋಡಿದ ಕಣ್ಣಿನಿಂದಲೇ ಕುಲ್ಲು ಕಣಿವೆಯ ನಗ್ಗರ್ ಕೋಟೆಮನೆಯನ್ನು ನೋಡಬೇಕು. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ, ನಡುವೆ ಗಾರೆಯೇ ಇಲ್ಲ. ಕಾಠ್-ಕುಣಿ ಎಂದು ಕರೆಯುವ ಈ ಕಟ್ಟಡಕ್ರಮದಲ್ಲಿ ನೆಲ ಅಲುಗಿದಾಗ ಗೋಡೆಯೂ ತುಸು ಅಲುಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹಾಗಾಗಿಯೇ ಅದು 1905ನ್ನು ದಾಟಿ ನಿಂತಿದೆ. ಈಗ ಅದರ ಬಹುಭಾಗ ಹೋಟೆಲ್ಲಾಗಿರುವುದು ನನಗಷ್ಟು ಇಷ್ಟವಾಗಲಿಲ್ಲ, ಆದರೆ ಬಳಕೆಯಲ್ಲಿರುವುದರಿಂದಲೇ ದುರಸ್ತಿಯೂ ನಡೆಯುತ್ತಿರಬಹುದು.

ನಗ್ಗರ್‌ನಲ್ಲಿ ಇನ್ನೂ ಸ್ವಲ್ಪ ಮೇಲೆ ಹತ್ತಿದರೆ ರಷ್ಯದ ಚಿತ್ರಕಾರ ನಿಕೋಲಾಯ್ ರೋರಿಕ್ ಅವರ ಮನೆ. ಅವರು 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಬೆಂಗಳೂರಿನ ತಾತಗುಣಿ ತೋಟದಲ್ಲಿ ಪತ್ನಿ, ಚಿತ್ರನಟಿ ದೇವಿಕಾ ರಾಣಿಯವರೊಡನೆ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕ್ ಇವರ ಮಗ. ಚಿತ್ರಗಳಲ್ಲಿಯ ನೀಲಿ, ನೇರಳೆ ಬೆಟ್ಟಗಳು ಅತಿರಂಜಿತವೆಂದು ಒಳಗೆ ನಿಂತಾಗ ಅನ್ನಿಸಿದರೆ, ಸಂಜೆಯವರೆಗೆ ಅಂಗಳದಲ್ಲಿ ಕಾದು ನೋಡಿ ನಿರ್ಧರಿಸು.

ಸೋಮವಾರ ಸಂಗ್ರಹಾಲಯಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಗುಡಿಗಳಿಗೆ ಆ ರಜೆಯಿಲ್ಲವಾದ್ದರಿಂದ ಭರ್ಮೌರ್‌ನ ದಾರಿಯನ್ನು ಆ ದಿನಕ್ಕೆ ಇಟ್ಟುಕೊಂಡು, ಭಾನುವಾರವೇ ಚಂಬಾ ಸಂಗ್ರಹಾಲಯವನ್ನು ನೋಡಿ ಮುಗಿಸು. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಗುಡ್ಡ ಕುಸಿಯುವುದುಂಟು; ನಿನ್ನ ರಜೆಯನ್ನು ಅಕ್ಟೋಬರಿಗೆ ಬದಲಿಸಿಕೊಳ್ಳಲು ಸಾಧ್ಯವೇ ಎಂದು ತಿಳಿಸು.

ನಿನ್ನ ಗೆಳೆಯ