ಮೊಮ್ಮಗಳಿಗೆ, ಬಣ್ಣದ ಹಕ್ಕಿ ನಾಣ್ಯಗಳ ಕುರಿತು

ಚಿರಂಜೀವಿ ಮೊಮ್ಮಗಳಿಗೆ ಬಳ್ಳಾರಿಯಿಂದ ನಿನ್ನ ತಾತ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ರಾಯಚೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಉಳಿಸಿದ ಹಣದಿಂದ ಕೆನಡಾದ ಹಕ್ಕಿಚಿತ್ರದ ಬಣ್ಣದ ನಾಣ್ಯಗಳನ್ನು ಕೊಳ್ಳಬೇಕೆಂದಿರುವುದಾಗಿಯೂ, ಮುಂದೆ ಅವಕ್ಕೆ ಒಳ್ಳೆಯ ಬೆಲೆ ಬರುವುದೆಂದು ಮಾರುವವರು ಹೇಳಿದರೆಂದೂ ಬರೆದಿದ್ದೀಯೆ. ಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಬೆಲೆಯ ಮಾತನ್ನು ಮಾತ್ರ ನಂಬಬೇಡ.

2004ರಲ್ಲಿ ಕೆನಡಾದ ಟಂಕಸಾಲೆಯು ಕೆಂಪು ಗಸಗಸೆ ಹೂವಿನ 25 ಸೆಂಟಿನ ನಾಣ್ಯವನ್ನು ಹೊರತಂದಿತು. ಜಗತ್ತಿನಲ್ಲಿ ಚಲಾವಣೆಗೆ ಬಂದ ಮೊದಲ ಬಣ್ಣದ ನಾಣ್ಯ ಅದೇ. ನೀನು ಮೆಚ್ಚಿರುವ ದೊಡ್ಡ ಗಾತ್ರದ ಹಕ್ಕಿ ನಾಣ್ಯಗಳು 2007ರಲ್ಲಿ ಕೆಂಪು ಕೊರಳಿನ ಹಮ್ಮಿಂಗ್‌ಬರ್ಡ್ ಮೊದಲಾದವುಗಳೊಂದಿಗೆ ಆರಂಭವಾದವು. ಅವುಗಳ ಮುಖಬೆಲೆಯೂ 25 ಸೆಂಟೇ, ಆದರೆ ಸಂಗ್ರಾಹಕರಿಗೆಂದೇ ಮಾಡಿ ಅದರ ಎಷ್ಟೋ ಪಟ್ಟು ದರಕ್ಕೆ ಮಾರಿದರು. ಅವು ಬೆಳ್ಳಿಯವೂ ಅಲ್ಲ. ಆ ಹಕ್ಕಿಯನ್ನು ಇಷ್ಟಪಡುವ ಇನ್ನೊಬ್ಬರು ಸಿಕ್ಕರಷ್ಟೇ ಅದಕ್ಕೆ ಬೆಲೆ. ಕಷ್ಟಕಾಲಕ್ಕೆ ಒದಗುವ ಒಡವೆಯೆಂದು ಅದನ್ನು ಎಣಿಸಬಾರದು.

ಸಾಧಾರಣ ನಾಣ್ಯಕ್ಕೆ ಖಾಸಗಿಯವರು ಆಮೇಲೆ ಬಣ್ಣ ಹಚ್ಚಿ ಮಾರುವುದೂ ಉಂಟು. ಅಲ್ಲಿ ನಾಣ್ಯ ಅಸಲಿಯಾದರೂ ಬಣ್ಣ ಟಂಕಸಾಲೆಯದಲ್ಲ, ಬಲ್ಲ ಸಂಗ್ರಾಹಕರು ಅದನ್ನು ಕೆಡಿಸಿದ ನಾಣ್ಯವೆಂದೇ ತಿಳಿಯುತ್ತಾರೆ. ಆದ್ದರಿಂದ ನಾಣ್ಯದ ಮೇಲಿರುವ ವರ್ಷದಲ್ಲಿ ಆ ಹಕ್ಕಿಯ ನಾಣ್ಯ ಬಂದಿತ್ತೇ ಎಂಬುದನ್ನು ಟಂಕಸಾಲೆಯ ಪಟ್ಟಿಯಲ್ಲಿ ನೋಡಿ, ಮೂಲ ಡಬ್ಬಿಯೂ ಪ್ರಮಾಣಪತ್ರವೂ ಇದ್ದರೆ ಮಾತ್ರ ಹಣ ಕೊಡು.

ಬೆಳ್ಳಿಗೆ ವಿಭೂತಿ, ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಬೆಳಗುವ ನಮ್ಮ ಮನೆಯ ರೂಢಿ ಇದಕ್ಕೆ ಸಲ್ಲದು. ಬಣ್ಣವು ಲೋಹದ ಮೇಲೆ ತೆಳ್ಳಗೆ ಕುಳಿತಿರುವುದರಿಂದ ಉಜ್ಜಿದರೆ ಗೀರು ಬೀಳುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಎದ್ದೇ ಹೋಗಬಹುದು. ಅಂಚು ಹಿಡಿದು ಎತ್ತು, ಬಿಸಿಲಿಗೆ ಇಡಬೇಡ. ಪಿವಿಸಿ ಹಾಳೆಗಳ ಅಗ್ಗದ ಆಲ್ಬಮ್ ಅಂತೂ ಬೇಡವೇ ಬೇಡ. ನಮ್ಮ ಕಡೆಯ ಬೇಸಿಗೆಯ ಧಗೆಗೆ ಆ ಪ್ಲಾಸ್ಟಿಕ್ ಬೇಗ ಕೆಟ್ಟು, ನಾಣ್ಯದ ಮೇಲೆ ಹಸಿರು ಜಿಗಟು ಕೂರುತ್ತದೆ.

ಕೊಂಡ ಪ್ರತಿ ನಾಣ್ಯದ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಓದಿ ಒಂದು ಪುಸ್ತಕದಲ್ಲಿ ಬರೆದಿಡು. ನಮ್ಮ ಸಿರುಗುಪ್ಪದ ಹೊಲಗಳ ಎರೆಭೂತ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಳಿವಿನ ಅಂಚಿಗೆ ಬಂದಿದೆ. ಅದರ ಕುರಿತು ಮೊದಲ ಪುಟದಲ್ಲೇ ಬರೆದರೆ ನನಗೆ ಬಹಳ ಸಂತೋಷ.

ಹಣ ಕಳಿಸುವ ಮುನ್ನ ನಾಣ್ಯದ ಎರಡೂ ಮುಖಗಳ ಮತ್ತು ಪ್ರಮಾಣಪತ್ರದ ಚಿತ್ರಗಳನ್ನು ನನಗೆ ಕಳಿಸು, ನೋಡಿ ಹೇಳುತ್ತೇನೆ.

ಇಂತಿ ನಿನ್ನ ತಾತ